ಗಾಢ ನಿದ್ದೆಯಲ್ಲೇ ಏಕೆ ಈ ಏರಿಳಿತ?

ಪ್ರಶ್ನೆ: ಜಿಎಸ್‌ಆರ್ ಸೆನ್ಸರ್ (ಬೆವರಿನಿಂದ ಚರ್ಮದ ವಿದ್ಯುತ್ ಗುಣದಲ್ಲಾಗುವ ಬದಲಾವಣೆ ಅಳೆಯುವ ಸಾಧನ) ಬೆರಳಿಗೆ ಕಟ್ಟಿಕೊಂಡು ರಾತ್ರಿಯಿಡೀ ದಾಖಲಿಸಿದೆ. ಎಚ್ಚರವಾಗಿ ಸುಮ್ಮನೆ ಮಲಗಿದ್ದಾಗ ಗೆರೆ ಹೆಚ್ಚುಕಮ್ಮಿ ಸಪಾಟು. ನಿದ್ದೆ ಹತ್ತಿ ಒಂದು ತಾಸಾಗುವಷ್ಟರಲ್ಲಿ ಸಾಲುಸಾಲು ಏರಿಳಿತ. ಸೆನ್ಸರ್ ಕೆಟ್ಟಿದೆಯೇ, ಕೆಟ್ಟ ಕನಸೇ?
– ವಿದ್ಯಾರ್ಥಿ, ಸದಾಶಿವಗಡ, ಕಾರವಾರ

ಉತ್ತರ: ಎರಡೂ ಆಗಿರಲಿಕ್ಕಿಲ್ಲ, ನಿಮಗೆ ಸಿಕ್ಕಿರುವುದು ಬಹುಶಃ ನಿಜವಾದ ಸಂಕೇತವೇ. ಬೆವರುಗ್ರಂಥಿಗಳನ್ನು ನಡೆಸುವುದು ನಮ್ಮ ಇಚ್ಛೆಗೆ ಒಳಪಡದ ಸಿಂಪಥೆಟಿಕ್ ನರಗಳು. ಗ್ರಂಥಿಯ ನಾಳದಲ್ಲಿ ಉಪ್ಪುನೀರು ಮೇಲೇರಿದಂತೆ ಚರ್ಮದ ವಾಹಕತೆ, ಅಂದರೆ ವಿದ್ಯುತ್ ಹರಿಯಗೊಡುವ ಗುಣ, ಹೆಚ್ಚುತ್ತದೆ. ಎಚ್ಚರದಲ್ಲಿ ಬಾಗಿಲು ಬಡಿದ ಸದ್ದಾದರೆ 1ರಿಂದ 3 ಸೆಕೆಂಡಿನಲ್ಲಿ ಗೆರೆ ಏರುತ್ತದೆ. ಗಾಢ ನಿದ್ದೆಯಲ್ಲಿ ಯಾವ ಸದ್ದೂ ಇಲ್ಲದೆ ಇಂಥ ಏರಿಕೆಗಳು ಒಂದರ ಹಿಂದೊಂದು ಬರುತ್ತವೆ. 1960ರ ದಶಕದಿಂದಲೂ ಸಂಶೋಧಕರು ಇದನ್ನು ‘ಬಿರುಗಾಳಿ’ ಎಂದೇ ಕರೆಯುತ್ತಾರೆ. ಗಾಢ ನಿದ್ದೆ ರಾತ್ರಿಯ ಮೊದಲರ್ಧದಲ್ಲೇ ಹೆಚ್ಚು. ಕನಸು ತುಂಬಿದ ರೆಮ್ ನಿದ್ದೆಯಲ್ಲಿ ಏರಿಳಿತ ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ಇದನ್ನು ಭಯವೆಂದು ಓದಬೇಡಿ. ನಿದ್ದೆಯ ಹಂತವನ್ನು ಖಚಿತವಾಗಿ ಹೇಳಲು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯೂ ಬೇಕು.

ಆದರೂ ಒಮ್ಮೆ ಪರೀಕ್ಷಿಸಿ. ಕೈ ದಿಂಬಿನಡಿ ಸಿಕ್ಕರೆ ಎಲೆಕ್ಟ್ರೋಡ್ ಒತ್ತಿ ಗೆರೆ ಥಟ್ಟನೆ ಜಿಗಿಯುತ್ತದೆ. ನಿಜವಾದ ಏರಿಕೆ ಹಾಗಲ್ಲ, ಬೇಗ ಏರಿ ನಿಧಾನ ಇಳಿಯುತ್ತದೆ. ಮೇ ತಿಂಗಳ ಶೆಕೆಯಲ್ಲಿ ಮಟ್ಟವೇ ತಾಸುಗಟ್ಟಲೆ ಮೇಲೇರುತ್ತಾ ಹೋದರೆ ಅದು ಹವೆಯ ಬೆವರು. ಕೋಣೆಯ ಉಷ್ಣತೆಯನ್ನೂ ಬರೆದಿಡಿ. ಬಟ್ಟೆಪಟ್ಟಿಯಲ್ಲಿರುವ ಸಾದಾ ಲೋಹದ ಬಿಲ್ಲೆ ರಾತ್ರಿಯಿಡೀ ಡಿಸಿ (ಒಂದೇ ದಿಕ್ಕಿನ ವಿದ್ಯುತ್) ಹರಿದರೆ ಧ್ರುವೀಕರಣಗೊಂಡು, ಅಂದರೆ ಮೇಲ್ಮೈಯಲ್ಲಿ ವಿದ್ಯುದಂಶ ಕೂಡಿ, ಅಳತೆ ಜಾರುತ್ತದೆ, ಅದಕ್ಕೇ ಬೆಳ್ಳಿ–ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಬಳಸಿ. ಇಸಿಜಿ ಜೆಲ್‌ನಲ್ಲಿ ಉಪ್ಪು ಜಾಸ್ತಿ, ವಾಹಕತೆಯನ್ನು ಉಬ್ಬಿಸಿ ತೋರಿಸುತ್ತದೆ. ಬೆವರಿನಷ್ಟೇ ಉಪ್ಪಿರುವ, ಸುಮಾರು 0.5 ಶೇಕಡಾದ ಪೇಸ್ಟ್ ಬೇಕು. ಕೈಯನ್ನು ಬರೀ ನೀರಿನಲ್ಲಿ ತೊಳೆಯಿರಿ, ಸೋಪು ಬೇಡ. ಪೇಸ್ಟ್ ಹಚ್ಚಿ 10 ನಿಮಿಷ ಬಿಟ್ಟು ದಾಖಲಾತಿ ಶುರುಮಾಡಿ.

ಸೆನ್ಸರ್ ರೋಧ ತೋರಿಸಿದರೆ ವಾಹಕತೆಗೆ ತಿರುಗಿಸಿಕೊಳ್ಳಿ: 500 ಕಿಲೋಓಮ್ ಎಂದರೆ 2 ಮೈಕ್ರೋಸೀಮೆನ್ಸ್, 100 ಆದರೆ 10. ಚರ್ಮಕ್ಕೆ 0.5 ವೋಲ್ಟ್ ಸಾಕು. ಮೈಗೆ ತಂತಿ ಕಟ್ಟಿರುವಾಗ ಚಾರ್ಜರ್‌ಗೆ ಸಿಕ್ಕಿಸಿದ ಲ್ಯಾಪ್‌ಟಾಪ್ ಖಂಡಿತ ಬೇಡ; ಬ್ಯಾಟರಿಯಲ್ಲೇ ನಡೆಸಿ.

ಪ್ರಶ್ನೆ: ಬೆರಳಿನ ಬದಲು ಮಣಿಕಟ್ಟಿನ ಪಟ್ಟಿ ಆದೀತೇ?
– ಶಿರಸಿಯ ಓದುಗರು

ಉತ್ತರ: ಮಲಗುವವರಿಗೆ ಅದೇ ಅನುಕೂಲ, ಕಳಚಿ ಬೀಳುವುದಿಲ್ಲ. ಆದರೆ ಮಣಿಕಟ್ಟಿನ ಬೆವರು ಹವೆಗೇ ಹೆಚ್ಚು ಸ್ಪಂದಿಸುತ್ತದೆ; ಅಂಗೈಯ ಅಂಕಿಗಳ ಜೊತೆ ಹೋಲಿಸಬೇಡಿ. ನಿಮ್ಮಲ್ಲಿನ ಚಳಿಗಾಲದ ರಾತ್ರಿಗಳಲ್ಲಿ ಒಣ ಚರ್ಮದ ಮೇಲೆ ಒಣ ಎಲೆಕ್ಟ್ರೋಡ್ ಮೊದಲಿಗೆ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲಬಹುದು. ಮಲಗುವ ಅರ್ಧ ತಾಸು ಮೊದಲೇ ಕಟ್ಟಿಕೊಳ್ಳಿ, ಪಟ್ಟಿಯಡಿ ತುಸು ಬೆವರು ಕೂಡಬೇಕು.