ಮೆಡಿಕಲ್ ಕೋಡಿಂಗ್ ಕೆಲಸದಲ್ಲಿ ಕೂತಲ್ಲೇ ನಿದ್ದೆ ಹೋಗುತ್ತೇನೆ. ಆಫೀಸಿಗೆ ಹೇಳಲಾ, ಮುಚ್ಚಿಡಲಾ, ನೈಟ್ ಶಿಫ್ಟ್ ಕೇಳಲಾ?

ಕೀಬೋರ್ಡ್ ಮೇಲೆ ಕೈ ಇಟ್ಟಿರುವಾಗಲೇ ನಿದ್ದೆ, ಎದ್ದಾಗ ಸ್ಕ್ರೀನ್ ಮೇಲೆ ಏನೇನೋ ಟೈಪ್ ಆಗಿರುವುದು, ಕಾಲೇಜಿನಿಂದಲೂ ಹೀಗೇ ಅಂತ ಬರೆದಿದ್ದೀರಿ. ನಿಮ್ಮ ಪ್ರಶ್ನೆ ಓದಿ, ಇದನ್ನು ನಾನೇ ಯಾವಾಗಲಾದರೂ ಬರೆದಿದ್ದೆನಾ ಅಂತ ಒಂದು ಸಲ ಅನುಮಾನ ಬಂತು. ನಾನೂ ತುಮಕೂರಿನವಳೇ, ನಾನೂ ಕೋಡರ್, ಅಂದರೆ ಅಮೆರಿಕದ ರೋಗಿಗಳ ಚಾರ್ಟ್ (ಚಿಕಿತ್ಸೆಯ ದಾಖಲೆ) ಓದಿ ಇನ್ಶೂರೆನ್ಸ್ ಕ್ಲೇಮ್‌ಗೆ ಕೋಡ್ ನಂಬರ್ ಹಾಕುವವಳು. ನಿಮ್ಮ ಮೂರು ದಾರಿಗಳ ವಿಷಯ ಆಮೇಲೆ ನೋಡೋಣ, ಮೊದಲು ನನಗೇನಾಯಿತು ಕೇಳಿ. ನನಗಿರುವುದು ನಾರ್ಕೊಲೆಪ್ಸಿ, ಹಗಲಲ್ಲಿ ತಡೆಯಲಾರದ ನಿದ್ದೆ ಬರುವ ನರದ ಕಾಯಿಲೆ.

ಬಿಎಸ್ಸಿ ಮುಗಿಸಿ ಕೋಡಿಂಗ್ ಕಲಿತು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. ದಿನಾ ಟ್ರೈನು, ಸೀಸನ್ ಪಾಸು. ತುಮಕೂರಿನಲ್ಲಿ ಇಳಿಯಬೇಕಾದವಳು ಗುಬ್ಬಿಯಲ್ಲಿ ಎದ್ದಿದ್ದೇನೆ, ತಿಪಟೂರಿನಲ್ಲೂ ಎದ್ದಿದ್ದೇನೆ. ಅಮ್ಮ ರಕ್ತ ಕಮ್ಮಿ ಅಂತ ಬೀಟ್‌ರೂಟ್, ಖರ್ಜೂರ ತಿನ್ನಿಸಿದರು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಎಲ್ಲಾ ಚೆಕ್ ಆಯಿತು, ಎಲ್ಲಾ ಸರಿಯಾಗೇ ಇತ್ತು. ಬೆಳಗಿನ ಜಾವ ಎಚ್ಚರ ಆದರೂ ಕೈಕಾಲು ಆಡುವುದಿಲ್ಲ, ಯಾರೋ ಎದೆ ಮೇಲೆ ಕೂತ ಹಾಗೆ ಆಗುತ್ತೆ ಅಂದಾಗ ಅಜ್ಜಿ ತಾಯತ ಕಟ್ಟಿಸಿದರು. ಗೆಳತಿಯರು ಕುಂಭಕರ್ಣನ ತಂಗಿ ಅನ್ನುತ್ತಿದ್ದರು. ಹಾಗಾದ್ರೆ ನಾನು ಶೂರ್ಪನಖಿ ಅಲ್ವಾ ಅಂತ ನಾನೂ ನಗುತ್ತಿದ್ದೆ.

ಆ ನಗುವೇ ಒಂದು ಸುಳಿವು ಅಂತ ಆಗ ಗೊತ್ತಿರಲಿಲ್ಲ. ಕ್ಯಾತ್ಸಂದ್ರದಲ್ಲಿ ಒಂದು ಬೆಳಿಗ್ಗೆ ತಟ್ಟೆ ಇಡ್ಲಿ ಹಿಡಿದುಕೊಂಡು ನಿಂತಿದ್ದೆ. ಗೆಳತಿ ಏನೋ ಹೇಳಿದಳು, ಜೋರಾಗಿ ನಗು ಬಂತು. ಮೊದಲು ದವಡೆ ಜೋತುಬಿತ್ತು, ಮಾತು ತೊದಲಿತು. ಆಮೇಲೆ ತಟ್ಟೆ ವಾಲಿ ಚಟ್ನಿ ಚೂಡಿದಾರ್ ಮೇಲೆ ಸುರಿಯಿತು, ಮಂಡಿ ಮಡಿಚಿ ಕೆಳಗೆ ಕೂತುಬಿಟ್ಟೆ. ಎಲ್ಲಾ ಕೇಳಿಸುತ್ತಿದೆ, ಎಲ್ಲಾ ಕಾಣುತ್ತಿದೆ, ಎಚ್ಚರ ಚೆನ್ನಾಗೇ ಇದೆ, ಏಳೋಕೆ ಮಾತ್ರ ಆಗುತ್ತಿಲ್ಲ. ಅರ್ಧ ನಿಮಿಷ ಇರಬಹುದು. ಹೋಟೆಲಿನವರು ಓಡಿ ಬಂದು ನೀರು ಚಿಮುಕಿಸಿದರು. ಬೆಳಿಗ್ಗೆ ಏನೂ ತಿಂದಿರಲಿಲ್ಲ, ತಲೆ ಸುತ್ತಿತು ಅಂದೆ. ನಿಮಗೂ ನಕ್ಕಾಗ ಹೀಗೇನಾದರೂ ಆಗುತ್ತಾ? ಪ್ರಶ್ನೆಯಲ್ಲಿ ಬರೆದಿಲ್ಲ. ಡಾಕ್ಟರ ಹತ್ತಿರ ಹೋದಾಗ ಇದನ್ನು ಹೇಳಲು ಮರೆಯಬೇಡಿ.

ಈಗ ಆಫೀಸಿಗೆ ಬರುತ್ತೇನೆ. ನನಗೆ ಬರುತ್ತಿದ್ದದ್ದು ಕಣ್ಣಿನ ಚಾರ್ಟ್‌ಗಳು, ಬಹುತೇಕ ಪೊರೆ ಆಪರೇಷನ್. ಸರ್ಜರಿಗೆ 66984, ಬಲಗಣ್ಣಾದರೆ ಆರ್‌ಟಿ, ಎಡಗಣ್ಣಾದರೆ ಎಲ್‌ಟಿ. ಡಯಾಗ್ನೋಸಿಸ್‌ಗೆ, ಅಂದರೆ ಕಾಯಿಲೆಗೆ, ಬಲಗಣ್ಣು ಎಚ್ 25.11, ಎಡಗಣ್ಣು ಎಚ್ 25.12, ಎರಡೂ ಆದರೆ ಎಚ್ 25.13. ಇದನ್ನೆಲ್ಲಾ ಕಣ್ಣು ಮುಚ್ಚಿಕೊಂಡು ಮಾಡಬಹುದು ಅಂತ ಟೀಮಿನಲ್ಲಿ ತಮಾಷೆ ಮಾಡುತ್ತಿದ್ದೆವು. ನಾನು ನಿಜವಾಗಲೂ ಹಾಗೇ ಮಾಡಿದೆ.

ಈ ಕಾಯಿಲೆಯಲ್ಲಿ ಮೆದುಳು ಕೆಲವು ಸೆಕೆಂಡು ನಿದ್ದೆಗೆ ಜಾರಿದರೂ, ಅಭ್ಯಾಸ ಆದ ಕೆಲಸವನ್ನು ಕೈ ನಿಲ್ಲಿಸುವುದಿಲ್ಲ. ಆಟೋಮ್ಯಾಟಿಕ್ ಬಿಹೇವಿಯರ್ ಅನ್ನುತ್ತಾರೆ. ನೋಡುವವರಿಗೆ ನೀವು ಕೆಲಸ ಮಾಡುತ್ತಿದ್ದೀರಿ. ನಿಮಗೆ ಅದರ ನೆನಪೇ ಇರುವುದಿಲ್ಲ. ಒಂದು ಮಧ್ಯಾಹ್ನ ಊಟ ಆದ ಮೇಲೆ ನಾನು ಮುಗಿಸಿದ ಚಾರ್ಟ್‌ಗಳು ಆಡಿಟ್‌ಗೆ ಹೋದವು. ಎಡಗಣ್ಣಿನ ಆಪರೇಷನ್, ಎಲ್‌ಟಿ ಸರಿಯಾಗೇ ಹಾಕಿದ್ದೇನೆ, ಜೊತೆಗೆ ಎಚ್ 25.11. ಮುಂದಿನದೂ ಹಾಗೇ. ಅದರ ಮುಂದಿನದೂ. ಕಣ್ಣು ಒಂದು, ಕಾಯಿಲೆ ಇನ್ನೊಂದು ಕಣ್ಣಿಗೆ ಅಂತ ಕ್ಲೇಮ್ ಹೋದರೆ ಇನ್ಶೂರೆನ್ಸ್‌ನವರು ಡಿನೈ ಮಾಡುತ್ತಾರೆ. ನಮ್ಮಲ್ಲಿ 95 ಪರ್ಸೆಂಟ್ ಕ್ವಾಲಿಟಿ ಇರಲೇಬೇಕಿತ್ತು. ನಿಮ್ಮಲ್ಲೂ ಅಷ್ಟೇ ಇರಬೇಕು.

ಇಲ್ಲಿಯವರೆಗೆ ಆದದ್ದು ಕಾಯಿಲೆ. ಅದಕ್ಕೆ ನಾನು ಹೊಣೆ ಅಂತ ಈಗಲೂ ಅಂದುಕೊಳ್ಳುವುದಿಲ್ಲ. ನಾನು ಮಾಡಿದ ತಪ್ಪು ಆಮೇಲಿನದು. ಆಡಿಟರ್ ಎರರ್ ಹಾಕಿದರೆ ಒಪ್ಪಿಕೊಳ್ಳಬೇಕು ಇಲ್ಲಾ ರಿಬಟಲ್, ಅಂದರೆ ತಪ್ಪು ನನ್ನದಲ್ಲ ಅಂತ ಉತ್ತರ, ಬರೆಯಬೇಕು, ಗೊತ್ತಲ್ಲ. ನಾನು ರಿಬಟಲ್ ಬರೆದೆ. 'ಡಾಕ್ಟರ್ ನೋಟ್‌ನಲ್ಲಿ ಯಾವ ಕಣ್ಣು ಅಂತ ಸ್ಪಷ್ಟವಾಗಿರಲಿಲ್ಲ' ಅಂತ. ಆಪರೇಷನ್ ನೋಟ್‌ನ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ 'ಲೆಫ್ಟ್ ಐ' ಅಂತ ಇತ್ತು. ಅದೂ ಹೋಗಲಿ. ನೋಟ್ ಸ್ಪಷ್ಟ ಇಲ್ಲದಿದ್ದರೆ ಚಾರ್ಟ್ ಹೋಲ್ಡ್ ಮಾಡಿ ಕ್ವೆರಿ ಹಾಕಬೇಕು, ಅಂದರೆ ಡಾಕ್ಟರನ್ನು ಕೇಳಬೇಕು, ಇದು ನಿನ್ನೆ ಸೇರಿದ ಟ್ರೈನಿಗೂ ಗೊತ್ತು. ನಾನು ಕ್ವೆರಿ ಹಾಕಿರಲಿಲ್ಲ. ಅಂದರೆ ನಾನು ಹೇಳಿದ್ದು ನಿಜ ಅಂತಲೇ ಇಟ್ಟುಕೊಂಡರೂ ನಾನು ತಪ್ಪಿತಸ್ಥೆ, ಸುಳ್ಳಾದರಂತೂ ಇನ್ನೂ ದೊಡ್ಡ ತಪ್ಪಿತಸ್ಥೆ. ಒಂದೇ ಸಾಲಿನಲ್ಲಿ ಎರಡು ಕಡೆಯಿಂದ ಸಿಕ್ಕಿಹಾಕಿಕೊಂಡೆ. ಸುಮ್ನೆ ಎರರ್ ಒಪ್ಪಿಕೊಂಡಿದ್ದರೆ ಆ ತಿಂಗಳ ಸ್ಕೋರ್ ಬೀಳುತ್ತಿತ್ತು, ಇನ್ಸೆಂಟಿವ್ ಹೋಗುತ್ತಿತ್ತು, ಮತ್ತೆ ಟ್ರೈನಿಂಗ್‌ಗೆ ಕೂರಿಸುತ್ತಿದ್ದರು. ಅಷ್ಟೇ. ರಿಬಟಲ್ ಬರೆದದ್ದರಿಂದ ಅದು ಕ್ವಾಲಿಟಿ ವಿಷಯ ಬಿಟ್ಟು ನಂಬಿಕೆ ವಿಷಯ ಆಯಿತು. ಮ್ಯಾನೇಜರ್ ಕರೆದರು. ಆಗ ಅಳುತ್ತಾ ನಿದ್ದೆ ವಿಷಯ ಹೇಳಿದೆ. 'ಮೊದಲು ನೋಟ್ ಸರಿ ಇಲ್ಲ ಅಂದ್ರಿ, ಈಗ ಕಾಯಿಲೆ ಅಂತೀರಾ, ಯಾವುದಾದರೂ ರಿಪೋರ್ಟ್ ಇದೆಯಾ?' ಅಂದರು. ಇರಲಿಲ್ಲ. ರಾಜೀನಾಮೆ ಪೇಪರ್ ಹಾಕಿ ಅಂದರು, ಹಾಕಿದೆ. ಅವರ ಜಾಗದಲ್ಲಿ ನಾನಿದ್ದರೂ ನನ್ನನ್ನು ನಂಬುತ್ತಿರಲಿಲ್ಲ.

ಹಾಗಾಗಿ ಹೇಳಲಾ, ಮುಚ್ಚಿಡಲಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೇಳೋಕೆ ನಿಮ್ಮ ಹತ್ತಿರ ಈಗ ಏನಿದೆ? ನೀವೂ ಕೋಡರ್, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಔಟ್‌ಪೇಷಂಟ್ ಚಾರ್ಟ್‌ನಲ್ಲಿ ಡಾಕ್ಟರ್ 'ಪ್ರಾಬಬಲ್' (ಇರಬಹುದು) ಅಂತ ಬರೆದಿದ್ದರೆ ನಾವು ಆ ಕಾಯಿಲೆಗೆ ಕೋಡ್ ಹಾಕುತ್ತೀವಾ? ಇಲ್ಲ, ಲಕ್ಷಣಕ್ಕೆ ಹಾಕುತ್ತೀವಿ. ನಿಮ್ಮ ಹತ್ತಿರ ಇರುವುದು ಆರ್ 40.0, ಬರೀ ಮಂಪರು. ಅದನ್ನು ತಗೊಂಡು ಮ್ಯಾನೇಜರ್ ಹತ್ತಿರ ಹೋದರೆ 'ನಮಗೂ ಊಟ ಆದ ಮೇಲೆ ಬರುತ್ತೆ, ಕಾಫಿ ಕುಡಿಯಿರಿ' ಅನ್ನುತ್ತಾರೆ.

ಮೊದಲು ಟೆಸ್ಟ್ ಮಾಡಿಸಿ. ನಾನು ಹೋಗಿದ್ದು ಬೆಂಗಳೂರಿನ ನಿಮ್ಹಾನ್ಸ್‌ಗೆ. ಹೆಸರು ಕೇಳಿದ್ದೇ ಮನೆಯಲ್ಲಿ ರಂಪ. 'ಮದುವೆ ಆಗಬೇಕಾದ ಹುಡುಗಿ, ನಿಮ್ಹಾನ್ಸ್ ಚೀಟಿ ಇಟ್ಟುಕೊಂಡು ಓಡಾಡ್ತೀಯಾ?' ಅಂತ ಅಮ್ಮ ಊಟ ಬಿಟ್ಟರು. ಅಲ್ಲಿ ನರರೋಗಕ್ಕೂ ನೋಡುತ್ತಾರೆ, ಇದು ನರಕ್ಕೆ ಸಂಬಂಧಪಟ್ಟದ್ದು ಅಂತ ಸೋದರಮಾವ ಬಂದು ಕೂತು ಹೇಳಬೇಕಾಯಿತು. ನಿಮ್ಮ ಮನೆಯಲ್ಲೂ ಅಂಥವರು ಒಬ್ಬರು ಇದ್ದರೆ ಮೊದಲೇ ಅವರನ್ನು ನಿಮ್ಮ ಕಡೆ ಮಾಡಿಕೊಳ್ಳಿ.

ಟೆಸ್ಟ್‌ನಲ್ಲಿ ಭಯ ಪಡುವಂಥದ್ದು ಏನೂ ಇಲ್ಲ. ರಾತ್ರಿ ತಲೆಗೆ, ಗಲ್ಲಕ್ಕೆ, ಕಾಲಿಗೆ ವೈರ್ ಅಂಟಿಸಿ ಮಲಗಿಸುತ್ತಾರೆ. ಮಲಗಿದಾಗ ಉಸಿರು ಕಟ್ಟಿ ನಿದ್ದೆ ಕೆಡುತ್ತಿದೆಯಾ ಅನ್ನುವುದು ಅದರಲ್ಲೇ ಗೊತ್ತಾಗುತ್ತೆ. ಮಾರನೇ ದಿನ ಎರಡೆರಡು ಗಂಟೆಗೊಮ್ಮೆ, ನಾಲ್ಕೈದು ಸಲ, ಸ್ವಲ್ಪ ಹೊತ್ತು ಮಲಗಿ ಅನ್ನುತ್ತಾರೆ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, ಎರಡು ಸಲವಾದರೂ ನೇರ ಕನಸಿನ ನಿದ್ದೆಗೆ, ಅಂದರೆ ರೆಮ್‌ಗೆ ಇಳಿದರೆ ಅದು ನಾರ್ಕೊಲೆಪ್ಸಿಯ ಗುರುತು. ತಲೆಯಲ್ಲೆಲ್ಲಾ ಅಂಟು ಉಳಿದಿತ್ತು, ಎಣ್ಣೆ ಹಚ್ಚಿ ತೊಳೆಯಬೇಕಾಯಿತು. ರಿಪೋರ್ಟ್ ಕೈಗೆ ಬಂದಾಗ ಓದುತ್ತಲೇ ಮನಸ್ಸಿನಲ್ಲಿ ಕೋಡ್ ಬಂತು: ಜಿ 47.411, ಕ್ಯಾಟಪ್ಲೆಕ್ಸಿ ಸಹಿತ ನಾರ್ಕೊಲೆಪ್ಸಿ. ಇಡ್ಲಿ ತಟ್ಟೆ ಬಿದ್ದದ್ದೇ ಕ್ಯಾಟಪ್ಲೆಕ್ಸಿ, ಜೋರಾಗಿ ನಕ್ಕಾಗ ಎಚ್ಚರ ಇದ್ದೂ ಸ್ನಾಯು ಸಡಿಲವಾಗುವುದು.

ನಮ್ಮನ್ನು ಎಚ್ಚರವಾಗಿ ಹಿಡಿದಿಡುವ ಒರೆಕ್ಸಿನ್ ಅನ್ನುವ ವಸ್ತುವನ್ನು ಮೆದುಳಿನ ಕೆಲವು ಕೋಶಗಳು ಮಾಡುತ್ತವೆ. ನನ್ನಂಥವರಲ್ಲಿ ಆ ಕೋಶಗಳೇ ಹೋಗಿಬಿಟ್ಟಿರುತ್ತವೆ. ಒರೆಕ್ಸಿನ್ ಅನ್ನು ವಿಜ್ಞಾನಿಗಳು ಪತ್ತೆ ಹಚ್ಚಿದ್ದು 1998ರಲ್ಲಿ, ಆ ಕೋಶಗಳು ಹೋಗಿರುತ್ತವೆ ಅಂತ ಗೊತ್ತಾಗಿದ್ದು 2000ದಲ್ಲಿ. ಪಾಪ, ನಮ್ಮ ಅಜ್ಜಿಗೆ ಹೇಗೆ ಗೊತ್ತಾಗಬೇಕು? ಕೋಶ ವಾಪಸ್ ತರುವ ಔಷಧಿ ಇಲ್ಲ. ನಾನು ತಗೊಳ್ಳುವುದು ಮೊಡಾಫಿನಿಲ್, ಹಗಲು ಎಚ್ಚರವಾಗಿಡುವ ಮಾತ್ರೆ. ಪರೀಕ್ಷೆಗೆ ಓದುವ ಹುಡುಗರು ಚೀಟಿ ಇಲ್ಲದೆ ಕೊಳ್ಳುತ್ತಾರೆ, ನೀವು ಆ ಕೆಲಸ ಮಾಡಬೇಡಿ. ಗರ್ಭನಿರೋಧಕ ಮಾತ್ರೆ ತಗೊಳ್ಳುವವರಾದರೆ ಡಾಕ್ಟರಿಗೆ ಹೇಳಲೇಬೇಕು, ಮೊಡಾಫಿನಿಲ್ ಅದರ ಬಲ ಕಮ್ಮಿ ಮಾಡುತ್ತೆ.

ನೈಟ್ ಶಿಫ್ಟ್ ಬೇಡ. ಹಗಲು ನಿದ್ದೆ ಬರುತ್ತೆ, ರಾತ್ರಿ ಎದ್ದಿರೋಣ ಅಂತ ನೀವು ಲೆಕ್ಕ ಹಾಕಿದ್ದೀರಿ. ನಾರ್ಕೊಲೆಪ್ಸಿಯಾದರೆ ರಾತ್ರಿಯೂ ತೂಕಡಿಸುತ್ತೀರಿ, ಹಗಲು ಮಲಗಿದರೆ ಆ ನಿದ್ದೆಯೂ ತುಂಡು ತುಂಡು. ಕೆಲವರಿಗೆ ಮಾತ್ರ ಒಳಗಿನ ಗಡಿಯಾರವೇ ತಡ, ಬೆಳಗಿನ ಜಾವದ ತನಕ ನಿದ್ದೆಯೇ ಹತ್ತುವುದಿಲ್ಲ. ಅಂಥವರಿಗೆ ತಡವಾಗಿ ಶುರುವಾಗುವ ಶಿಫ್ಟ್ ಒಗ್ಗಬಹುದು. ನಿಮ್ಮದು ಯಾವುದು ಅಂತ ತಿಳಿಯದೆ ಶಿಫ್ಟ್ ಬದಲಾಯಿಸಿ ಏನು ಪ್ರಯೋಜನ? ಕೋಡಿಂಗ್ ಕಾಲ್ ಸೆಂಟರ್ ಅಲ್ಲ, ಅಮೆರಿಕದ ಚಾರ್ಟನ್ನು ತುಮಕೂರಿನ ಹಗಲಿನಲ್ಲೇ ಮಾಡಬಹುದು.

ಈಗಿನ ಆಫೀಸಿನಲ್ಲಿ ಸೇರುವಾಗಲೇ ಡಾಕ್ಟರ ಪತ್ರ ಕೊಟ್ಟೆ. 'ನನಗೆ ನಿದ್ದೆ ಬರುತ್ತೆ' ಅಂತ ಗೋಳು ಹೇಳಲಿಲ್ಲ. ಹನ್ನೊಂದೂವರೆಗೆ ಒಂದು, ಮೂರು ಗಂಟೆಗೆ ಒಂದು, ಇಪ್ಪತ್ತಿಪ್ಪತ್ತು ನಿಮಿಷದ ಬ್ರೇಕ್ ಬೇಕು, ಆ ಹೊತ್ತನ್ನು ಸಂಜೆ ಕೂತು ಸರಿ ಮಾಡುತ್ತೇನೆ ಅಂದೆ. ಕೊಟ್ಟರು. ಎಲ್ಲರೂ ಕೊಡುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಅದಕ್ಕಿಂತ ಮುಂಚೆ ಒಂದು ಕಡೆ ಪತ್ರ ನೋಡಿ 'ತಿಳಿಸುತ್ತೇವೆ' ಅಂದವರು ಇವತ್ತಿನವರೆಗೂ ತಿಳಿಸಿಲ್ಲ. ಸರ್ಜರಿ ಚಾರ್ಟ್‌ಗಳನ್ನು ಬೆಳಿಗ್ಗೆ ಮುಗಿಸುತ್ತೇನೆ, ಎಕ್ಸ್‌ರೇಯಂಥ ಸಣ್ಣವು ಮಧ್ಯಾಹ್ನಕ್ಕೆ. ಮಧ್ಯಾಹ್ನ ಮುದ್ದೆ ಅರ್ಧ, ಅನ್ನ ಇಲ್ಲವೇ ಇಲ್ಲ. ಒಂದೇ ಸಾಲನ್ನು ಎರಡನೇ ಸಲ ಓದುತ್ತಿದ್ದೇನೆ ಅನ್ನಿಸಿದರೆ ಚಾರ್ಟ್ ಹೋಲ್ಡ್, ಕೀಬೋರ್ಡ್ ದೂರ. ಅಂಥ ಹೊತ್ತಿನಲ್ಲಿ ಸಬ್ಮಿಟ್ ಒತ್ತುವುದಿಲ್ಲ, ಟಾರ್ಗೆಟ್ ಹಾಳಾಗಿ ಹೋಗಲಿ.

ಆಸ್ಪತ್ರೆಗೆ ಹೋಗುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ, ಹಗಲು ಎಲ್ಲೆಲ್ಲಿ ತೂಕಡಿಸಿದಿರಿ. ಡಾಕ್ಟರ್ ಇದನ್ನೇ ಮೊದಲು ಕೇಳುತ್ತಾರೆ. ಬೇರೆ ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದರೆ ಹೆಸರು ಬರೆದುಕೊಂಡು ಹೋಗಿ, ಕೆಲವು ಮಾತ್ರೆಗಳಿಂದ ಟೆಸ್ಟ್ ರಿಸಲ್ಟ್ ಏರುಪೇರಾಗುತ್ತೆ. ನೀವಾಗಿ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ.

ಇನ್ನೊಂದು. ದಿನಾ ಹೆದ್ದಾರಿಯಲ್ಲಿ ಸ್ಕೂಟಿ ಓಡಿಸಿಕೊಂಡು ಹೋಗುತ್ತೇನೆ ಅಂತ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ರಿಪೋರ್ಟ್ ಬಂದು, ಡಾಕ್ಟರ್ ಓಡಿಸಬಹುದು ಅನ್ನುವವರೆಗೆ ಬಸ್ಸಿನಲ್ಲಿ ಹೋಗಿ. ಕಂಡಕ್ಟರಿಗೆ ನಿಮ್ಮ ಸ್ಟಾಪ್ ಹೇಳಿಡಿ, ಎಬ್ಬಿಸುತ್ತಾರೆ.