ಭಾನುವಾರ ಎಲ್ಲಿಗೆ ಹೋಗ್ತಿದ್ರಿ?

ಹೋದ ತಿಂಗಳು ಈ ಆರೋಗ್ಯದ ಪ್ರಶ್ನೋತ್ತರದ ಅಂಕಣದಲ್ಲಿ ಮಾತಿಗೆ ಮಾತು ಬಂದು, ನಾನು 22ನೇ ವಯಸ್ಸಿನಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯ ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದೆ ಅಂತ ಬರೆದಿದ್ದೆ. 2003ರಿಂದ 2006ರವರೆಗೆ, ಡೆವನ್ ಅನ್ನುವ ಸೀಮೆಯಲ್ಲಿ. ಬರೆದದ್ದು ಅಷ್ಟೇ. ಸಕ್ಕರೆ ಕಾಯಿಲೆ, ಮಂಡಿನೋವು ಅಂತ ಕೇಳುತ್ತಿದ್ದವರೆಲ್ಲ ಈಗ ಅದನ್ನೇ ಕೇಳುತ್ತಿದ್ದಾರೆ. ಈ ಸಂಚಿಕೆ ಮಟ್ಟಿಗೆ ಮಂಡಿನೋವಿಗೆ ರಜ.

ತಿಪಟೂರಿನಿಂದ ಒಬ್ಬ ತಾಯಿ: ನನ್ನ ಮಗಳು ಇಂಗ್ಲೆಂಡಿನ ಹಳ್ಳಿಯಲ್ಲಿ ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ರಜದ ದಿನ ಏನು ಮಾಡಿದೆ ಅಂದರೆ ಪ್ರತಿ ವಾರವೂ "ಸುಮ್ನೆ ನಡ್ಕೊಂಡು ಬಂದೆ" ಅಂತಾಳೆ. ಸುಮ್ನೆ ಯಾರಾದರೂ ಮೂರು ಗಂಟೆ ನಡೀತಾರಾ? ಏನೋ ಮುಚ್ಚಿಡ್ತಿದ್ದಾಳೆ ಅನ್ನಿಸುತ್ತೆ.

ಇಲ್ಲ ಅಮ್ಮ. ನಡೆದೇ ಬಂದಿರುತ್ತಾಳೆ. ನಮ್ಮಮ್ಮನಿಗೂ ಇದೇ ಅನುಮಾನ ಇತ್ತು. ಫೋನ್ ಕಾರ್ಡಿನ ದುಡ್ಡೆಲ್ಲ "ನಿಜ ಹೇಳು, ನಿಜ ಹೇಳು" ಅನ್ನುವುದರಲ್ಲೇ ಮುಗಿಯುತ್ತಿತ್ತು.

ಅಲ್ಲಿ ನಡೆಯುವುದು ಅಂದರೆ ಡಾಕ್ಟರು ಹೇಳಿದರು ಅಂತ ಬೆಳಿಗ್ಗೆ ಮೈದಾನ ಸುತ್ತುವುದಲ್ಲ. ಅದೇ ಒಂದು ತಿರುಗಾಟ. ನಾವು ಜಾತ್ರೆಗೆ ಹೋಗಿದ್ವಿ ಅನ್ನುವ ಹಾಗೆ ಅವರು ವಾಕ್ ಹೋಗಿದ್ವಿ ಅಂತಾರೆ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಎಲ್ಲರೂ ನಡೆದಾಡಬಹುದಾದ ದಾರಿಗಳು ಸುಮಾರು 2,25,000 ಕಿಲೋಮೀಟರ್ ಇವೆ. ಹೊಲದ ಮಧ್ಯೆ, ಯಾರದೋ ಹಿತ್ತಿಲ ಪಕ್ಕ, ಚರ್ಚಿನ ಸಮಾಧಿಗಳ ನಡುವೆ ಹಾದು ಹೋಗುತ್ತವೆ. ಜಮೀನು ಒಬ್ಬರದು, ದಾರಿ ಎಲ್ಲರದು. ನಮ್ಮ ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಅಂತ ಇರುತ್ತಲ್ಲ, ಅದೇ ಲೆಕ್ಕ. ನಮ್ಮಲ್ಲಿ ಅದು ನಕಾಶೆಯಲ್ಲಿ ಇರುತ್ತೆ, ಸ್ಥಳಕ್ಕೆ ಹೋದರೆ ಅಡಿಕೆ ಸಸಿ ನಿಂತಿರುತ್ತೆ. ಅಲ್ಲಿ ಹೊಲ ಉಳುವಾಗ ದಾರಿ ಕಿತ್ತುಹೋದರೆ ರೈತ 14 ದಿನದೊಳಗೆ ಮತ್ತೆ ಸರಿ ಮಾಡಿಕೊಡಬೇಕು. ಹಾಗಂತ ಕಾನೂನೇ ಇದೆ.

ಬೆಟ್ಟದ ಮೇಲೆ ಅಡ್ಡಾಡುವ ಹಕ್ಕಂತೂ ಜಗಳ ಮಾಡಿ ತಗೊಂಡಿದ್ದು. 1932ರ ಏಪ್ರಿಲ್ 24, ಭಾನುವಾರ. ಮ್ಯಾಂಚೆಸ್ಟರ್ ಕಡೆಯ ದುಡಿಯುವ ಹುಡುಗ ಹುಡುಗಿಯರು ನೂರಾರು ಜನ ಕಿಂಡರ್ ಸ್ಕೌಟ್ ಅನ್ನುವ ಬೆಟ್ಟಕ್ಕೆ ನುಗ್ಗಿದರು. ಅದು ಧಣಿಗಳು ಹಕ್ಕಿ ಬೇಟೆಗೆ ಅಂತ ಇಟ್ಟುಕೊಂಡಿದ್ದ ಜಾಗ. ಕಾವಲುಗಾರರ ಜೊತೆ ಕೈಕೈ ಮಿಲಾಯಿಸಿತು, ಐದು ಜನಕ್ಕೆ ಜೈಲಾಯಿತು. ಅಂಥ ಬಯಲು, ಬೆಟ್ಟದಲ್ಲಿ ಬೇಕಾದ ಹಾಗೆ ತಿರುಗಬಹುದು ಅಂತ ಕಾನೂನು ಬಂದದ್ದು 2000ದಲ್ಲಿ. ನಿಮ್ಮ ಮಗಳ "ಸುಮ್ನೆ" ಹಿಂದೆ ಇಷ್ಟೆಲ್ಲ ಇದೆ!

ನಾನು ಮೊದಲು ಆರೇಳು ಪೌಂಡ್ ಕೊಟ್ಟು ಒಂದು ನಕ್ಷೆ ತಗೊಂಡೆ. ಆಗ ಪೌಂಡಿಗೆ 80 ರೂಪಾಯಿ ಚಿಲ್ಲರೆ. ಮನಸ್ಸಿನಲ್ಲೇ ಗುಣಿಸಿ ಹೊಟ್ಟೆ ಚುರುಕ್ ಅಂದಿತು. ಸರ್ಕಾರಿ ಸರ್ವೆಯವರದು, ಕಿತ್ತಳೆ ಬಣ್ಣದ ರಟ್ಟು. ಬಿಡಿಸಿದರೆ ಊಟದ ಮೇಜು ತುಂಬುತ್ತೆ, ಮತ್ತೆ ಮೊದಲಿನ ಹಾಗೆ ಮಡಚೋಕೆ ಬರಲ್ಲ. ಒಂದು ಕಿಲೋಮೀಟರಿಗೆ 4 ಸೆಂಟಿಮೀಟರ್, ಹೊಲದ ಬೇಲಿಗಳೂ ಕಾಣುತ್ತವೆ. ಕಾಲುದಾರಿಗೆ ಹಸಿರು ತುಂಡು ಗೆರೆ. ಹಾದಿಯಲ್ಲಿ ಮರದ ಕಂಬಕ್ಕೆ ಹಳದಿ ಬಾಣದ ಗುರುತು ಹೊಡೆದಿರುತ್ತಾರೆ. ಬೇಲಿ ಬಂದರೆ ಹತ್ತಿ ಇಳಿಯೋಕೆ ಎರಡು ಹಲಗೆಯ ಮೆಟ್ಟಿಲು. ಗೇಟು ಮುಚ್ಚಿದ್ದರೆ ಮುಚ್ಚಿಯೇ ಹೋಗಬೇಕು, ತೆಗೆದಿದ್ದರೆ ತೆಗೆದೇ ಬಿಡಬೇಕು.

ಒಂದು ಭಾನುವಾರ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಅಲ್ಲಿಯ ಹುಡುಗಿಯೂ ಬಂದಿದ್ದಳು. ಒಂದು ಹೊಲದಲ್ಲಿ ಇಪ್ಪತ್ತು ಇಪ್ಪತ್ತೈದು ಹೋರಿಗರುಗಳು. ನಮ್ಮನ್ನು ಕಂಡು ಒಂದು ತಲೆ ಎತ್ತಿತು. ಆಮೇಲೆ ಎಲ್ಲವೂ ಎತ್ತಿದವು. ನಾವು ನಡೆದರೆ ಹಿಂದೆಯೇ ಬರುತ್ತವೆ, ನಿಂತರೆ ನಿಲ್ಲುತ್ತವೆ. ಮೂಗಿಂದ ಹಬೆ ಬರ್ತಿದೆ. ಅವಳು ನನ್ನ ತೋಳು ಹಿಡಿದುಕೊಂಡು ಅಳೋ ಹಾಗಾದಳು. ನಾನು ತಿರುಗಿ ನಿಂತು ಎರಡೂ ಕೈ ಎತ್ತಿ, ನಮ್ಮಜ್ಜಿ ಗಂಟಲಲ್ಲಿ "ಹೋಯ್, ಹೋಗ್ರೋ ಆ ಕಡೆ!" ಅಂದೆ. ಹೋದವು. ಕನ್ನಡ ಅರ್ಥವಾದ ಹಾಗೇ ಹೋದವು. ಸೋಮವಾರದ ಹೊತ್ತಿಗೆ ಆಶ್ರಮದ ಅಜ್ಜಿಯರಿಗೆಲ್ಲ ಕಥೆ ತಲುಪಿತ್ತು.

ಆದರೆ ನನಗೆ ನಿಜವಾಗಿ ಹಿಡಿಸಿದ್ದು ಬೇರೆ. ತುಮಕೂರಿನಲ್ಲಿ ಮನೆಯಿಂದ ಅಂಗಡಿಗೆ ಹೋಗುವುದರೊಳಗೆ ನಾಲ್ಕು ಜನ "ಎಲ್ಲಿಗೆ ಹೊರಟೆ?" ಅಂತ ಕೇಳುತ್ತಿದ್ದರು. ಅಲ್ಲಿ ಎದುರು ಸಿಕ್ಕವರು ಮಳೆ ಬಿಸಿಲಿನ ಬಗ್ಗೆ ಒಂದು ಮಾತಾಡಿ ಹೋಗುತ್ತಾರೆ. ಎಲ್ಲಿಗೆ ಅಂತ ಕೇಳಲ್ಲ. ಮೊದಲ ಮೂರು ತಿಂಗಳು ಹಾಯ್ ಅನ್ನಿಸಿತು. ಆಮೇಲೆ ಒಂದು ಸಂಜೆ ಯಾರಾದರೂ ಕೇಳಬಾರದಾ ಅಂತಲೂ ಅನ್ನಿಸಿತು. ನಿಮ್ಮ ಮಗಳಿಗೂ ಅನ್ನಿಸಿರುತ್ತೆ. "ಯಾರ ಜೊತೆ ಹೋಗಿದ್ದೆ" ಅನ್ನಬೇಡಿ. "ಕೆಸರಿತ್ತಾ?" ಅಂತ ಕೇಳಿ ನೋಡಿ. ಅರ್ಧ ಗಂಟೆ ಮಾತಾಡುತ್ತಾಳೆ.

ಕೊರಟಗೆರೆಯಿಂದ ಪಿಯುಸಿ ವಿದ್ಯಾರ್ಥಿನಿ: ಆಂಟಿ, ಅಲ್ಲಿಯ ಹಳ್ಳಿ ಹುಡುಗರು ಸಂಜೆ ಏನು ಮಾಡ್ತಾರೆ? ಎಲ್ಲರೂ ಪಬ್‌ನಲ್ಲೇ ಇರ್ತಾರಂತೆ?

ಇರುತ್ತಾರೆ, ಆದರೆ ನೀನು ಅಂದುಕೊಂಡ ಹಾಗಲ್ಲ. ಹಳ್ಳಿಯ ಪಬ್ ಅಂದರೆ ನಮ್ಮ ಅರಳಿಕಟ್ಟೆಗೆ ಮಾಡು ಹಾಕಿ, ಒಲೆ ಇಟ್ಟು, ಬಿಲ್ ಕೊಟ್ಟ ಹಾಗೆ. ಮಕ್ಕಳು, ನಾಯಿ, ಪಾದ್ರಿ ಎಲ್ಲರೂ ಬರುತ್ತಾರೆ. 18 ತುಂಬದೆ ಮದ್ಯ ಕೊಳ್ಳುವ ಹಾಗಿಲ್ಲ. ನಾನು ಲಿಂಬೆ ಸೋಡಾದಲ್ಲೇ ಮೂರು ವರ್ಷ ಕಳೆದೆ, ಯಾರೂ ಮುಖ ಗಂಟಿಕ್ಕಲಿಲ್ಲ. ಆ ಸೀಮೆಯ ಪಬ್‌ಗಳಲ್ಲಿ ಉದ್ದನೆ ಹಲಗೆಯ ಹಾಸಿನ ಮೇಲೆ ಮರದ ಚೆಂಡು ಉರುಳಿಸಿ ಒಂಬತ್ತು ಗೂಟ ಬೀಳಿಸುವ ಆಟ ಇದೆ. ನಮ್ಮ ಲಗೋರಿಯ ದೊಡ್ಡಪ್ಪ. ಗೂಟ ನಿಲ್ಲಿಸುವ ಕೆಲಸ ಯಾವಾಗಲೂ ಚಿಕ್ಕ ಹುಡುಗರದೇ.

ಇನ್ನೊಂದು ಯುವ ರೈತರ ಸಂಘ. ಮೊದಲನೆಯದು ಶುರುವಾದದ್ದು 1921ರಲ್ಲಿ, ಇದೇ ಡೆವನ್‌ನ ಹೆಮಿಯಾಕ್ ಅನ್ನುವ ಊರಲ್ಲಿ. ಹುಡುಗರ ಕೈಗೆ ಒಂದೊಂದು ಕರು ಕೊಟ್ಟು ಸಾಕೋಕೆ ಹೇಳಿದ್ದರು. ಈಗ 10ರಿಂದ 28 ವರ್ಷದವರು ಸೇರಬಹುದು, ಹೊಲ ಇರಲೇಬೇಕು ಅಂತೇನಿಲ್ಲ. ದನ ನೋಡಿ ತೂಕ ಹೇಳುವುದು, ಹಗ್ಗ ಎಳೆಯುವುದು, ಊರ ಸಭಾಂಗಣದಲ್ಲಿ ಡಾನ್ಸು. ಮದುವೆಗಳೂ ಅಲ್ಲೇ ಗೊತ್ತಾಗುತ್ತವೆ ಅಂತ ನನ್ನ ಗೆಳತಿ ಹೇಳುತ್ತಿದ್ದಳು. ಅವಳದೂ ಅಲ್ಲೇ ಆಯಿತು.

ಎಲ್ಲರ ದೊಡ್ಡ ಗೋಳು ಬಸ್ಸು. ನಾನಿದ್ದ ಹಳ್ಳಿಗೆ ಕೊನೆ ಬಸ್ಸು ಸಂಜೆ ಆರು ಇಪ್ಪತ್ತಕ್ಕೆ. ಭಾನುವಾರ ಅದೂ ಇಲ್ಲ. ಒಂದು ಸಲ ಡಿಸೆಂಬರಿನಲ್ಲಿ ಆ ಬಸ್ಸು ಬರಲೇ ಇಲ್ಲ. ಯಾಕೆ ಅಂತ ಹೇಳುವವರೂ ಇಲ್ಲ. ಅಲ್ಲಿ ಆ ತಿಂಗಳು ನಾಲ್ಕು ಗಂಟೆ ದಾಟಿದರೆ ಕತ್ತಲೆ. ಎರಡೂ ಕಡೆ ಆಳೆತ್ತರದ ಬೇಲಿ, ಮಧ್ಯೆ ಒಂದೇ ಗಾಡಿ ಹೋಗುವಷ್ಟು ರಸ್ತೆ. ಐದು ಕಿಲೋಮೀಟರ್ ನಡೆದೆ. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಬಿಸಿ ಆಲೂಗಡ್ಡೆ ಚಿಪ್ಸ್, ಮೇಲೆ ಉಪ್ಪು, ವಿನಿಗರ್. ಹೆದರಿಕೆಗೆ ಹನುಮಾನ್ ಚಾಲೀಸಾ ಹೇಳುತ್ತ, ಮಧ್ಯೆ ಮಧ್ಯೆ ಚಿಪ್ಸ್ ತಿನ್ನುತ್ತ. ಅಷ್ಟು ರುಚಿಯಾದ ಚಿಪ್ಸ್ ಮತ್ತೆ ಸಿಗಲಿಲ್ಲ.

ಚಿಂತಾಮಣಿಯಿಂದ ಒಬ್ಬ ರೈತರು: ದಾರಿ ಬದಿಯ ಹಣ್ಣು ಕಿತ್ತರೂ ಅಲ್ಲಿ ಕೇಸ್ ಹಾಕ್ತಾರಂತೆ, ಹೌದಾ?

ತೋಟದ್ದಕ್ಕೆ ಕೈ ಹಾಕಿದರೆ ಎಲ್ಲಿಯಾದರೂ ಹಾಕುತ್ತಾರೆ ಅಣ್ಣ. ತಾನಾಗಿ ಬೆಳೆದ ಕಾಡು ಹಣ್ಣು ಬೇರೆ. 1968ರ ಕಳ್ಳತನದ ಕಾನೂನಿನಲ್ಲೇ ಇದೆ: ಮಾರೋಕೆ ಅಲ್ಲದಿದ್ದರೆ ಅದನ್ನು ಕೀಳುವುದು ಕಳ್ಳತನ ಅಲ್ಲ.

ಅಲ್ಲಿ ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಬೇಲಿ ತುಂಬ ಬ್ಲ್ಯಾಕ್‌ಬೆರಿ. ನಮ್ಮ ಎಲಚಿ, ಕಾರೆ, ಕವಳೆ ಹಣ್ಣಿನ ಕಾಲದ ಹಾಗೆ. ಮುಳ್ಳು ಎಲಚಿ ಗಿಡಕ್ಕಿಂತ ಮೋಸ. ಒಳಗೆ ಹೋಗುವಾಗ ಸುಮ್ಮನಿರುತ್ತೆ, ಕೈ ಹಿಂದೆ ತೆಗೆಯುವಾಗ ಕಚ್ಚುತ್ತೆ. ಗೊಂಚಲಿನ ತುದಿಯ ಹಣ್ಣು ಮೊದಲು ಮಾಗುತ್ತೆ, ಅದೇ ಎಲ್ಲಕ್ಕಿಂತ ಸಿಹಿ. ಮುಟ್ಟಿದರೆ ಬರಬೇಕು, ಎಳೆದರೆ ಬಂತು ಅಂದರೆ ಇನ್ನೂ ಹುಳಿ. ನಾನು ಊರಿಂದ ಹುರಿಹಿಟ್ಟು ತಂದಿದ್ದ ಸ್ಟೀಲ್ ಡಬ್ಬಿಯನ್ನೇ ಒಯ್ಯುತ್ತಿದ್ದೆ. ಮೊದಲ ಹತ್ತು ಹಣ್ಣು ಟಣ್ ಟಣ್ ಅಂತ ಬೀಳುತ್ತವೆ, ಆಮೇಲೆ ಸದ್ದಿಲ್ಲ. ಬೇಲಿಯ ಕೆಳಗೆ ತುರಿಕೆ ಸೊಪ್ಪು ಇರುತ್ತೆ. ತಗುಲಿದರೆ ಪಕ್ಕದಲ್ಲೇ ಬೆಳೆಯುವ ಡಾಕ್ ಅನ್ನುವ ಅಗಲ ಎಲೆ ತಿಕ್ಕಿಕೋ ಅಂತಾರೆ. ನರ್ಸ್ ಆಗಿ ನನಗೆ ನಂಬಿಕೆ ಇಲ್ಲ, ಆದರೂ ತಿಕ್ಕಿಕೊಂಡಿದ್ದೇನೆ.

ಸೆಪ್ಟೆಂಬರ್ 29, ಸಂತ ಮೈಕಲ್ ಹಬ್ಬ. ಅದಾದ ಮೇಲೆ ಕೀಳಬಾರದು, ಸೈತಾನ ಉಗುಳಿರುತ್ತಾನೆ ಅಂತ ಆಶ್ರಮದ ಒಬ್ಬ ಅಜ್ಜಿ ಬೆರಳು ತೋರಿಸಿ ಎಚ್ಚರಿಸಿದ್ದರು. ನಿಜ ಹೇಳಬೇಕು ಅಂದರೆ ಆ ಹೊತ್ತಿಗೆ ಮಳೆ ಚಳಿಗೆ ಹಣ್ಣು ನೀರು ನೀರಾಗಿ ಬೂಸ್ಟು ಹಿಡಿದಿರುತ್ತೆ. ಸೈತಾನ ಪಾಪ, ಸುಮ್ನೆ ಹೆಸರು ಹೊತ್ತಿದ್ದಾನೆ.

ಕೆಜಿಎಫ್‌ನಿಂದ ನಿವೃತ್ತರೊಬ್ಬರು: ನಮ್ಮ ತಂದೆ ಗಣಿಯಲ್ಲಿದ್ದರು. ಅಲ್ಲಿಯ ಬಿಳಿಯರಲ್ಲಿ ಬಹಳ ಜನ ಕಾರ್ನ್‌ವಾಲ್‌ನವರು, ಪಾಸ್ಟಿ ತಿನ್ನುತ್ತಿದ್ದರು ಅಂತಿದ್ದರು. ಏನದು?

ಸರ್, ಕಾರ್ನ್‌ವಾಲ್ ಡೆವನ್ನಿನ ಪಕ್ಕದ ಸೀಮೆ. ತವರ, ತಾಮ್ರದ ಗಣಿಗೆ ಹೆಸರಾದದ್ದು. ಜಾನ್ ಟೇಲರ್ ಕಂಪನಿ 1880ರಲ್ಲಿ ಕೋಲಾರದ ಚಿನ್ನಕ್ಕೆ ಕೈ ಹಾಕಿದಾಗ ಅಲ್ಲಿಯ ಅನುಭವಸ್ಥ ಗಣಿ ಕೆಲಸಗಾರರು ನಿಮ್ಮೂರಿಗೆ ಬಂದರು.

ಪಾಸ್ಟಿ ಅಂದರೆ ಅಂಗೈ ಮೀರಿದ ಕರ್ಜಿಕಾಯಿ. ಅದೇ ಅರ್ಧಚಂದ್ರ, ಅಂಚಿಗೆ ಅದೇ ಮುರಿಗೆ. ಒಳಗೆ ಕಾಯಿ ಬೆಲ್ಲದ ಬದಲು ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಒಂದು ಜಾತಿಯ ಗೆಡ್ಡೆ. ಎಣ್ಣೆಯಲ್ಲಿ ಕರಿಯಲ್ಲ, ಓವನ್ನಿನಲ್ಲಿ ಬೇಯಿಸುತ್ತಾರೆ. ಚೀಸ್, ಈರುಳ್ಳಿಯದೂ ಸಿಗುತ್ತೆ, ನಾನು ತಿಂದದ್ದು ಅದನ್ನೇ. ಗಣಿಯವರು ಕೊಳೆ ಕೈಯಲ್ಲಿ ಅಂಚು ಹಿಡಿದು ತಿಂದು, ಅಂಚನ್ನು ಬಿಸಾಕುತ್ತಿದ್ದರು ಅಂತ ಹೇಳುತ್ತಾರೆ. 2011ರಿಂದ ಕಾರ್ನ್‌ವಾಲ್‌ನಲ್ಲಿ ಮಾಡಿದ್ದಕ್ಕೆ ಮಾತ್ರ "ಕಾರ್ನಿಷ್ ಪಾಸ್ಟಿ" ಅನ್ನುವ ಹೆಸರು.

ಎರಡು ಸೀಮೆಗೂ ಒಂದು ಜಗಳ ಇದೆ. ಸ್ಕೋನ್ ಅನ್ನುವ ಸಪ್ಪೆ ಬನ್ನಿಗೆ ಗಟ್ಟಿ ಕೆನೆ, ಜಾಮ್ ಹಚ್ಚಿ ಟೀ ಜೊತೆ ತಿನ್ನುತ್ತಾರೆ. ಡೆವನ್ನಿನವರು ಮೊದಲು ಕೆನೆ, ಮೇಲೆ ಜಾಮ್. ಕಾರ್ನ್‌ವಾಲ್‌ನವರು ತದ್ವಿರುದ್ಧ. ಮುದ್ದೆಗೆ ಬಸ್ಸಾರಾ, ಉಪ್ಸಾರಾ ಅನ್ನುವಷ್ಟೇ ಗಂಭೀರ. ನಾನು ಡೆವನ್ನಿನ ಉಪ್ಪು ತಿಂದವಳು, ಕೆನೆಯೇ ಮೊದಲು.

ಗೌರಿಬಿದನೂರಿನಿಂದ: ಮಳೆ ಬಂದರೆ?

ಬಂದರೆ ಅಲ್ಲ, ಬರುತ್ತೆ. ಕೋಟು ಹಾಕಿಕೊಂಡು ಹೋಗುವುದು. ಆ ಕೋಟನ್ನು ಧರ್ಮಾರ್ಥ ಅಂಗಡಿಯಲ್ಲಿ 4 ಪೌಂಡಿಗೆ ಕೊಂಡಿದ್ದೆ. ಜನ ಕೊಟ್ಟ ಹಳೆ ಬಟ್ಟೆ, ಪುಸ್ತಕ, ಪಿಂಗಾಣಿ ಅಲ್ಲಿ ಸಿಗುತ್ತೆ. ಜೇಬಿನಲ್ಲಿ ಯಾರದೋ ಪೆಪ್ಪರ್‌ಮಿಂಟ್ ಇತ್ತು. ಕೋಟು ಇನ್ನೂ ಇದೆ. ತುಮಕೂರಿನಲ್ಲಿ ಹಾಕುವಷ್ಟು ಚಳಿ ಒಂದು ದಿನವೂ ಬಂದಿಲ್ಲ.

ತುಮಕೂರಿನಿಂದ ಕಾಲೇಜು ವಿದ್ಯಾರ್ಥಿ: ಮೇಡಂ, ಇಲ್ಲಿ ಹಾಗೆ ನಡೆಯೋಕೆ ಆಗಲ್ವಾ?

ಆಗುತ್ತಪ್ಪ. ಹೋದ ಕಾರ್ತಿಕದಲ್ಲಿ ಅಕ್ಕನ ಮಗಳನ್ನು ಕಟ್ಟಿಕೊಂಡು ನಾಮದ ಚಿಲುಮೆಯಿಂದ ದೇವರಾಯನದುರ್ಗದ ಕಡೆಗೆ ನಡೆದೆ. ಫ್ಲಾಸ್ಕಲ್ಲಿ ಕಾಫಿ, ಡಬ್ಬಿಯಲ್ಲಿ ಕೋಡುಬಳೆ. ಅದೇ ಸ್ಟೀಲ್ ಡಬ್ಬಿ. ಒಳ್ಳೆಯ ನೆರಳು, ಮಂಗಗಳು ಮಾತ್ರ ಜಾಸ್ತಿ. ಒಂದು ಕಿಲೋಮೀಟರ್ ಆಗಿರಲಿಲ್ಲ, ಒಂದು ಬೈಕು ನಿಂತಿತು. "ಗಾಡಿ ಕೆಟ್ಟೋಯ್ತಾ ಅಕ್ಕ?" ಇಲ್ಲಪ್ಪ ಅಂದೆ. ಆಮೇಲೆ ಒಂದು ಕಾರು. ಆಮೇಲೆ ಮದುವೆ ಮನೆಯ ಪಾತ್ರೆ ತುಂಬಿದ ಟೆಂಪೊ. ಡ್ರೈವರು ಇಳಿದೇ ಬಂದರು. "ಎಲ್ಲಿಗಮ್ಮ?" ಎಲ್ಲಿಗೂ ಇಲ್ಲ, ಸುಮ್ನೆ ನಡೀತಿದೀವಿ ಅಂದೆ. ಅವರು ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು. ಮನೆಯಲ್ಲಿ ಏನೋ ಜಗಳ ಅಂತ ತೀರ್ಮಾನಿಸಿರಬೇಕು. "ಹತ್ತಿ ಅಮ್ಮ, ಎಲ್ಲ ಸರಿಹೋಗುತ್ತೆ" ಅಂತ ಮುಂದಿನ ಸೀಟಿನ ಮೇಲಿದ್ದ ಹೂವಿನ ಬುಟ್ಟಿ ಎತ್ತಿ ಜಾಗ ಮಾಡಿದರು. ಅಷ್ಟು ಕಾಳಜಿಗೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಹತ್ತಿದೆವು.