ಟ್ರಯಲ್ ಮೇಲೆ ಆಕ್ಷೇಪ: ಸಿಟ್ಟಿನ ಕರಡು ಬೇಡ, ಮರುಲೆಕ್ಕ ಮೊದಲು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಲಹೆಗೆ ಬಂದವರು ವೈದ್ಯಕೀಯ ಕಾಲೇಜೊಂದರ ಸಹ ಪ್ರಾಧ್ಯಾಪಕಿ. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಯ ಬಗ್ಗೆ ಅವರು ನಡೆಸಿದ, ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚುವ ರ‍್ಯಾಂಡಮೈಸ್ಡ್ ಟ್ರಯಲ್ ಮೇಲೆ ಜರ್ನಲ್‌ನಲ್ಲಿ ಆಕ್ಷೇಪದ ಪತ್ರ ಪ್ರಕಟವಾಗಿತ್ತು. ಉತ್ತರಕ್ಕೆ 400 ಪದಗಳ ಮಿತಿ. ಅವರ ಕರಡೋ ಮೂರು ಪುಟ, ಮೊದಲ ಸಾಲೇ "ಪತ್ರ ಬರೆದವರಿಗೆ ಸಂಶೋಧನೆಯ ಗಂಧಗಾಳಿ ಇಲ್ಲ." ನಿದ್ದೆಗೆಟ್ಟಿದ್ದರು. ವಿಭಾಗದ ಮುಖ್ಯಸ್ಥರು "ಏನನ್ನೂ ಒಪ್ಪಬೇಡಿ" ಎಂದಿದ್ದರಂತೆ.

ಪತ್ರವನ್ನು ಬಿಡಿಸಿ ನೋಡಿದರೆ ಆಕ್ಷೇಪ ಮೂರೇ.

ಒಂದು, ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿಯಲ್ಲಿ ಮುಖ್ಯ ಫಲಿತಾಂಶ 12ನೇ ವಾರದ ಹಿಮೋಗ್ಲೋಬಿನ್. ಪ್ರಬಂಧದಲ್ಲಿ 8ನೇ ವಾರದ್ದು. ಇದು ನಿಜ. ವಾದಕ್ಕೆ ಜಾಗವಿಲ್ಲ. ಬರೆಯಬೇಕಾದ್ದು ಇಷ್ಟೇ ಎಂದೆ: "ನೋಂದಾಯಿಸಿದ್ದು 12ನೇ ವಾರ, ವರದಿ ಮಾಡಿದ್ದು 8ನೇ ವಾರ. ಬದಲಾವಣೆಗೆ ಕಾರಣ ಇದು. 12ನೇ ವಾರದ ಅಂಕಿ ಇಲ್ಲಿದೆ."

ಎರಡು, ನಡುವೆ ಮಾತ್ರೆ ಬಿಟ್ಟವರನ್ನು ಲೆಕ್ಕದಿಂದ ತೆಗೆದದ್ದು. ಇದೂ ಸರಿಯಾದ ಆಕ್ಷೇಪವೇ. ವಾಕರಿಕೆ, ಮಲಬದ್ಧತೆಯಿಂದ ಒಂದೇ ಗುಂಪಿನವರು ಹೆಚ್ಚು ಬಿಟ್ಟರೆ, ಉಳಿದವರ ಸರಾಸರಿ ಮಾತ್ರೆಯನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸಬಹುದು. ಯಾರು ಯಾವ ಗುಂಪಿಗೆ ಬಿದ್ದರೋ ಅಲ್ಲೇ ಎಣಿಸಿ, ಸಂಖ್ಯಾಶಾಸ್ತ್ರಜ್ಞರಿಂದ ಮರುಲೆಕ್ಕ ಮಾಡಿಸಲು ಹೇಳಿದೆ. ಫಲಿತಾಂಶ ಕೈಗೆ ಬರುವ ಮೊದಲು ಉತ್ತರದ ಒಂದು ಸಾಲೂ ಬೇಡ.

ಮೂರು, ಆರಂಭದಲ್ಲಿ ಎರಡು ಗುಂಪುಗಳ ವಯಸ್ಸಿನಲ್ಲಿ ವ್ಯತ್ಯಾಸ, ಪಿ ಮೌಲ್ಯ (ಬರೀ ಆಕಸ್ಮಿಕದಿಂದಲೇ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಬರುವ ಸಂಭವ) 0.03. ಹಂಚಿಕೆ ಸರಿಯಾಗಿ ಆಗಿದ್ದರೆ ಇಂಥ ವ್ಯತ್ಯಾಸ ಆಕಸ್ಮಿಕವೇ. ಇಪ್ಪತ್ತು ಅಂಶ ಹೋಲಿಸಿದರೆ ಒಂದಾದರೂ ವಾಡಿಕೆಯ ಗಡಿಯಾದ 0.05ಕ್ಕಿಂತ ಕೆಳಗೆ ಬೀಳುವುದು ಸಾಮಾನ್ಯ. ಆದರೆ ಆ "ಆಗಿದ್ದರೆ" ಎಂಬುದನ್ನು ತೋರಿಸಬೇಕು. ಹಂಚಿಕೆಯ ಪಟ್ಟಿ ತಯಾರಿಸಿದ್ದು ಯಾರು, ಗುಂಪಿನ ಹೆಸರಿದ್ದ ಮುಚ್ಚಿದ ಲಕೋಟೆ ಯಾರ ಬಳಿ ಇತ್ತು, ರೋಗಿಯ ಹೆಸರು ಬರೆದ ಮೇಲೆಯೇ ಒಡೆದರೇ? ಮೆಡಿಟರೇನಿಯನ್ ಆಹಾರದಿಂದ ಹೃದ್ರೋಗ ತಗ್ಗುತ್ತದೆಯೇ ಎಂದು ನೋಡಿದ ಸ್ಪೇನಿನ ಪ್ರೆಡಿಮೆಡ್ ಟ್ರಯಲ್ ಎಡವಿದ್ದು ಇಲ್ಲೇ. ಒಂದು ಕೇಂದ್ರದಲ್ಲಿ ಇಡೀ ಕ್ಲಿನಿಕ್‌ಗೆ ಒಂದೇ ಆಹಾರಕ್ರಮ. ಒಂದೇ ಮನೆಯವರೂ ಒಂದೇ ಗುಂಪಿನಲ್ಲಿ. 2013ರ ಪ್ರಬಂಧವನ್ನು ಲೇಖಕರು 2018ರಲ್ಲಿ ಹಿಂಪಡೆದು, ಮರುವಿಶ್ಲೇಷಣೆಯೊಂದಿಗೆ ಮತ್ತೆ ಪ್ರಕಟಿಸಿದರು. ಅಂಕಿಗಳು ಹೆಚ್ಚು ಬದಲಾಗಲಿಲ್ಲ, ತೀರ್ಮಾನದ ಮಾತು ಮಾತ್ರ ಮೆತ್ತಗಾಯಿತು.

ಮುಖ್ಯಸ್ಥರ ಮಾತಿಗೆ ನನ್ನ ಉತ್ತರ: ನೋಂದಣಿಯ ಹಳೆಯ ವಿವರ ಯಾರು ಬೇಕಾದರೂ ತೆಗೆದು ನೋಡಬಹುದು, ಅಲ್ಲಗಳೆದು ದಕ್ಕಿಸಿಕೊಳ್ಳಲಾಗದು. ಉತ್ತರದ ಪತ್ರದಿಂದ ಪ್ರಬಂಧದ ಕೋಷ್ಟಕ ಬದಲಾಗದು, ಹಾಗಾಗಿ ತಿದ್ದುಪಡಿಯನ್ನು ಸಂಪಾದಕರಿಗೆ ಬೇರೆಯಾಗಿಯೇ ಕಳಿಸಬೇಕು. ಎರಡಕ್ಕೂ ಎಲ್ಲ ಸಹಲೇಖಕರ ಒಪ್ಪಿಗೆ ಬರಹದಲ್ಲಿರಲಿ, ಎಥಿಕ್ಸ್ ಕಮಿಟಿಗೂ ಒಂದು ಪ್ರತಿ ಹೋಗಲಿ.